ಒಲೆ ಆರಿದ ಹೋಟೆಲಿಗೆ ಫಲಕವೇಕೆ?

ಲಾಸ್ ಏಂಜಲಿಸ್‌ನ ಲಾ ಸಿಯೆನೆಗ ರಸ್ತೆಯಲ್ಲಿ ನಾರ್ಮ್ಸ್ ಅಂತ ಒಂದು ಹೋಟೆಲಿದೆ. ಕಟ್ಟಿದ್ದು 1957ರಲ್ಲಿ. ಕಂಬಕ್ಕೆ ಒಂದರ ಕೆಳಗೊಂದು ಐದು ತ್ರಿಕೋನ ಬಾವುಟ ಸಿಕ್ಕಿಸಿ, ಬಾವುಟಕ್ಕೊಂದರಂತೆ ಹೆಸರಿನ ಐದು ಇಂಗ್ಲಿಷ್ ಅಕ್ಷರ ಬರೆದ ಬೋರ್ಡು. ರಸ್ತೆಯ ಕಡೆಗೆ ಚಾಚಿದ ಸೂರು. ಗೋಡೆ ಇರಬೇಕಾದಲ್ಲೆಲ್ಲ ಗಾಜು. ಹಗಲೂ ರಾತ್ರಿ ಬಾಗಿಲು ತೆರೆದು ಮೊಟ್ಟೆ, ಪ್ಯಾನ್‌ಕೇಕ್, ಸ್ಟೇಕ್ ಕೊಡುವುದರಲ್ಲಿ ಹೆಸರಾದ ಸಾಮಾನ್ಯರ ಹೋಟೆಲು. ಸೆಕೆಂಡ್‌ಹ್ಯಾಂಡ್ ಕಾರು ಮಾರುತ್ತಿದ್ದ ನಾರ್ಮ್ ರಾಯ್‌ಬಾರ್ಕ್ ಎಂಬಾತ 1949ರಲ್ಲಿ ಶುರು ಮಾಡಿದ ಈ ಹೋಟೆಲ್ ಸಾಲಿನಲ್ಲಿ ಉಳಿದುಕೊಂಡಿರುವ ಅತಿ ಹಳೆಯ ಕಟ್ಟಡ ಇದೇ. ಎಡ್ ರುಶೇ ಎಂಬ ಹೆಸರಾಂತ ಚಿತ್ರಕಾರ 1964ರಲ್ಲಿ ಇದಕ್ಕೆ ಬೆಂಕಿ ಬಿದ್ದಂತೆ ಒಂದು ಚಿತ್ರ ಬರೆದ. ಚಿತ್ರ ಮ್ಯೂಸಿಯಂಗಳವರು ಮಾತಾಡುವ ಸಂಗತಿಯಾಯಿತು, ಹೋಟೆಲು ತನ್ನ ಪಾಡಿಗೆ ಮೊಟ್ಟೆ ಹುರಿಯುತ್ತಿತ್ತು.

2015ರ ಜನವರಿಯಲ್ಲಿ ಸುದ್ದಿ ಹೊರಬಿತ್ತು: ಜಾಗ ಕೊಂಡ ಹೊಸ ಮಾಲೀಕರು ಕಟ್ಟಡ ಕೆಡವಲು ಪರವಾನಗಿ ಪಡೆದುಕೊಂಡಿದ್ದಾರೆ. ಊರಿನ ಪರಂಪರೆ ಕಾಯುವ ಲಾಸ್ ಏಂಜಲಿಸ್ ಕನ್ಸರ್ವೆನ್ಸಿ ಅಡ್ಡ ನಿಂತಿತು, ಜನ ಸಹಿ ಹಾಕಿದರು, ಮೇ ತಿಂಗಳಲ್ಲಿ ನಗರ ಸಭೆ ಇದನ್ನು ಐತಿಹಾಸಿಕ ಸ್ಮಾರಕವೆಂದು ಘೋಷಿಸಿತು. ಎಲ್ಲರೂ ಉಸಿರು ಬಿಟ್ಟರು. ಆಮೇಲೆ 2024ರ ಆರಂಭದಲ್ಲಿ ಇನ್ನೊಂದು ಸುದ್ದಿ: ಇದೇ ಜಾಗಕ್ಕೆ ಕರಿದ ಕೋಳಿ ಮಾರುವ ದೊಡ್ಡ ಕಂಪನಿಯೊಂದು ಬರಬೇಕೆಂದಿದೆ, ಕಟ್ಟಡ ಹಾಗೇ ಇಟ್ಟುಕೊಂಡು ಕಾರಿನಲ್ಲೇ ಪಾರ್ಸೆಲ್ ಕೊಡುವ ಸಾಲು ಮಾಡುತ್ತದಂತೆ. ಸ್ಮಾರಕವಾದರೆ ಬಚಾವು ಅಂದುಕೊಂಡಿದ್ದವರಿಗೆ ಆಗ ಗೊತ್ತಾಯಿತು, ಕಾನೂನು ಕಾಯುತ್ತಿದ್ದದ್ದು ಸೂರನ್ನು ಮತ್ತು ಬೋರ್ಡನ್ನು. ಒಳಗೆ ಯಾರು ಅಡುಗೆ ಮಾಡಬೇಕು, ಎಷ್ಟಕ್ಕೆ ಬಡಿಸಬೇಕು ಎಂಬುದು ಕಾನೂನಿನ ತಲೆಬಿಸಿ ಅಲ್ಲ.

ನಾನು ಹೋಟೆಲಿನವನು. ಅಪ್ಪಯ್ಯ ಬ್ರಹ್ಮಾವರದ ಕಡೆಯಿಂದ ತಿಪಟೂರಿಗೆ ಬಂದು ಬಿ.ಎಚ್. ರಸ್ತೆಯಲ್ಲಿ ಬಾಡಿಗೆ ಕಟ್ಟಡ ಹಿಡಿದು ಹೋಟೆಲು ಇಟ್ಟರು. ಕೊಬ್ಬರಿ ಮಾರಲು ಬಂದ ರೈತರು, ಮಂಡಿಯ ಗುಮಾಸ್ತರು, ಲಾರಿಯವರು ನಮ್ಮ ಗಿರಾಕಿಗಳು. ಅವರ ನಂತರ ಗಲ್ಲಾದ ಮೇಲೆ ನಾನು ಕೂತೆ. ಕಟ್ಟಡದ ಮಾಲೀಕರ ಮಕ್ಕಳು ಪಾಲು ಮಾಡಿಕೊಂಡು ಮಾರಿದರು, ನಾವು ಎದ್ದೆವು. ಅದು ಎಲ್ಲ ಊರಿನ ಕಥೆ, ಅದನ್ನಿಲ್ಲಿ ಹಿಗ್ಗಿಸುವುದಿಲ್ಲ. ಈಗ ಮಗಳು ಲಾಸ್ ಏಂಜಲಿಸ್ ಪಕ್ಕದ ಸೆರಿಟೋಸ್‌ನಲ್ಲಿದ್ದಾಳೆ. ಅಲ್ಲಿಗೆ ಹೋದಾಗಲೆಲ್ಲ ಮೊಮ್ಮಗ ಕೇಳುತ್ತಾನೆ, 'ಅಜ್ಜ, ಇವತ್ತು ಬೀಚೋ ಸ್ಟುಡಿಯೋನೋ?' ನಾನು ಹಳೆಯ ಹೋಟೆಲು ಅನ್ನುತ್ತೇನೆ. ಸಸ್ಯಾಹಾರಿಯಾದ ನನಗೆ ಅಲ್ಲಿ ದಕ್ಕುವುದು ಹುರಿದ ಆಲೂಗೆಡ್ಡೆ, ಟೋಸ್ಟು, ಕಾಫಿ. ಕಾಫಿ ನಮ್ಮ ಬಾಯಿಗೆ ನೀರು. ಆದರೆ ಕಪ್ಪು ಖಾಲಿಯಾದಾಗೆಲ್ಲ ಬಂದು ತುಂಬುತ್ತಾರೆ, ಬಿಲ್ಲಿನಲ್ಲಿ ಒಂದೇ ಕಾಫಿ.

ಈ ಹೋಟೆಲುಗಳನ್ನು ಕಟ್ಟಿದವರಿಗೆ ಹೋಟೆಲ್ ಕೆಲಸ ಗೊತ್ತಿತ್ತು. ನಾರ್ಮ್ಸ್ ನಕ್ಷೆ ಬರೆದದ್ದು ಲೂಯಿಸ್ ಆರ್ಮೆಟ್ ಮತ್ತು ಎಲ್ಡನ್ ಡೇವಿಸ್ ಎಂಬ ಇಬ್ಬರು, 1947ರಲ್ಲಿ ಜೊತೆಯಾದವರು. ಡೆನ್ನಿಸ್ ಎಂಬ ಹೋಟೆಲ್ ಸರಪಳಿಗೆ ಮಾದರಿ ನಕ್ಷೆ ಕೊಟ್ಟವರೂ ಇವರೇ. ಇವರ ಹೋಟೆಲುಗಳಲ್ಲಿ ಕೌಂಟರಿನ ಮುಂದಿನ ಸ್ಟೂಲುಗಳಿಗೆ ಕಾಲಿರುವುದಿಲ್ಲ. ಕೌಂಟರಿನ ಬುಡದಿಂದಲೇ ಒಂದು ತೋಳು ಚಾಚಿ ಅದರ ತುದಿಯಲ್ಲಿ ಆಸನ ಕೂರಿಸಿರುತ್ತಾರೆ. ನೋಡುವವರಿಗೆ ಅದು ಚಂದ. ನನಗೆ ಕಂಡದ್ದು ನೆಲ ಒರೆಸುವವನ ಸೊಂಟ. ಕಾಲಿಲ್ಲದ ಸ್ಟೂಲಿನ ಕೆಳಗೆ ಒಂದೇ ಎಳೆತಕ್ಕೆ ಒರಸು ಕೋಲು ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ನಮ್ಮ ಹೋಟೆಲಿನಲ್ಲಿ ಕ್ಲೀನರ್ ಹುಡುಗ ಬೆಂಚು ಎತ್ತಿ ಎತ್ತಿ ಇಡುತ್ತಿದ್ದ. ಅಡುಗೆಮನೆಯನ್ನೂ ಇವರು ಹಿಂದೆ ಬಚ್ಚಿಡಲಿಲ್ಲ, ಗಿರಾಕಿಯ ಕಣ್ಣೆದುರೇ ತಂದಿಟ್ಟರು. ಕಾವಲಿಯ ಮುಂದಿನವನು ಏನು ಮಾಡುತ್ತಿದ್ದಾನೆಂದು ಎಲ್ಲರಿಗೂ ಕಾಣಬೇಕು. ನಮ್ಮ ದರ್ಶಿನಿಗಳು ಇದನ್ನು ಕಂಡುಕೊಳ್ಳಲು 1980ರ ದಶಕ ಬರಬೇಕಾಯಿತು.

ಗಾಜಿನ ಗೋಡೆಗೂ ಕಾರಣವಿದೆ. ಗಂಟೆಗೆ ನಲವತ್ತು ಮೈಲಿ ವೇಗದಲ್ಲಿ ಹೋಗುವ ಕಾರಿನವನಿಗೆ ಹೋಟೆಲು ತೆರೆದಿದೆಯೇ, ಒಳಗೆ ಜನವಿದೆಯೇ, ಜಾಗವಿದೆಯೇ ಎಂದು ಒಂದೇ ನೋಟದಲ್ಲಿ ತಿಳಿಯಬೇಕು. ರಾತ್ರಿ ಇಡೀ ಕಟ್ಟಡವೇ ಬೋರ್ಡು. ಈ ಶೈಲಿಗೆ ಗೂಗಿ ಎಂಬ ಹೆಸರು ಬಂದದ್ದು ಜಾನ್ ಲಾಟ್ನರ್ 1949ರಲ್ಲಿ ಸನ್‌ಸೆಟ್ ರಸ್ತೆಯಲ್ಲಿ ಕಟ್ಟಿದ ಗೂಗೀಸ್ ಎಂಬ ಕಾಫಿ ಹೋಟೆಲಿನಿಂದ. 1952ರಲ್ಲಿ ಡಗ್ಲಸ್ ಹ್ಯಾಸ್ಕೆಲ್ ಎಂಬ ಪತ್ರಕರ್ತ ಆ ಹೆಸರಿಟ್ಟು ಬರೆದ. ಮೆಚ್ಚುಗೆಗಿಂತ ಗೇಲಿಯೇ ಹೆಚ್ಚಿದ್ದ ಬರಹ ಅದು. ವಾಸ್ತುಶಿಲ್ಪದ ಪಂಡಿತರು ಇದನ್ನು ಮೂವತ್ತು ವರ್ಷ ಅಗ್ಗದ ಬೀದಿ ಅಲಂಕಾರ ಅಂತಲೇ ತಳ್ಳಿಹಾಕಿದರು. ಪಂಡಿತರ ಮೂಗು ಮುರಿತವೇ ಬುಲ್ಡೋಜರಿಗೆ ದಾರಿ ಮಾಡಿತು ಅಂತ ನನ್ನ ಲೆಕ್ಕ. ಮೂಲ ಗೂಗೀಸೇ ಇವತ್ತಿಲ್ಲ, 1980ರ ದಶಕದ ಕೊನೆಗೆ ಹೋಯಿತು. ಶಿಪ್ಸ್ ಅಂತ ಇನ್ನೊಂದಿತ್ತು. ಅಲ್ಲಿ ಪ್ರತಿ ಟೇಬಲ್ಲಿನ ಮೇಲೂ ಒಂದು ಟೋಸ್ಟರ್. ಬ್ರೆಡ್ಡನ್ನು ಗಿರಾಕಿಯೇ ತನಗೆ ಬೇಕಾದ ಹದಕ್ಕೆ ಸುಟ್ಟುಕೊಳ್ಳಬೇಕು. ಸಪ್ಲೈಯರಿಗೆ ಒಂದು ಓಡಾಟ ಕಡಿಮೆ, ಗಿರಾಕಿಗೆ ಒಂದು ಆಟ. ಅದೂ ಹೋಯಿತು. ಟೈನಿ ನೇಲರ್ಸ್ ಹೋಯಿತು. 1984ರಲ್ಲಿ ಇಂಥವು ಸಾಲಾಗಿ ಉರುಳುವುದನ್ನು ನೋಡಲಾರದೆ ಕನ್ಸರ್ವೆನ್ಸಿಯೊಳಗೇ ಕೆಲವರು ಆ ಕಾಲದ ಕಟ್ಟಡಗಳಿಗೆಂದು ಬೇರೆ ಸಮಿತಿ ಕಟ್ಟಿದರು. ನಾರ್ಮ್ಸ್ ಪರವಾಗಿ 2015ರಲ್ಲಿ ಎದ್ದ ದನಿಗೆ ಮೂವತ್ತು ವರ್ಷದ ತಾಲೀಮು ಇತ್ತು.

ಉರುಳಲು ಕಾರಣ ಕೇಳಿದರೆ ಯಾವ ಹೋಟೆಲಿನವನೂ ಕಣ್ಣು ಮುಚ್ಚಿ ಹೇಳುತ್ತಾನೆ. ಒಂದಂತಸ್ತಿನ ಕಟ್ಟಡ, ಅದರ ಸುತ್ತ ಕಟ್ಟಡಕ್ಕಿಂತ ದೊಡ್ಡ ಕಾರು ನಿಲ್ಲಿಸುವ ಬಯಲು. 1957ರಲ್ಲಿ ಆ ಬಯಲೇ ವ್ಯಾಪಾರದ ಬಂಡವಾಳ. ಊರು ಬೆಳೆದ ಮೇಲೆ ಅದೇ ಬಯಲು ಹೋಟೆಲಿನ ಶತ್ರು. ಅಲ್ಲಿ ಐದಂತಸ್ತು ಏಳುತ್ತದೆ. ಮೊಟ್ಟೆ ಮಾರಿ ಬರುವ ಬಾಡಿಗೆ ಎಲ್ಲಿ, ಐದಂತಸ್ತಿನ ಬಾಡಿಗೆ ಎಲ್ಲಿ? ಇದಕ್ಕೆ ಮಾಲೀಕನನ್ನು ಖಳನಾಯಕ ಅನ್ನಲಾರೆ. ತನ್ನ ಜಾಗ ತನಗೆ ದುಡಿಯಲಿ ಅನ್ನುವುದು ಯಾವ ಮನುಷ್ಯನ ಆಸೆಯೂ ಹೌದು. ಸಿಯಾಟಲ್‌ನ ಬಲ್ಲಾರ್ಡ್‌ನಲ್ಲಿ ಆದದ್ದು ನೋಡಿ. 1964ರಲ್ಲಿ ಮ್ಯಾನಿಂಗ್ಸ್ ಕೆಫೆಟೇರಿಯಾ ಎಂದು ಶುರುವಾಗಿ ಮುಂದೆ ಡೆನ್ನಿಸ್ ಆದ ಕಟ್ಟಡ. ಆಕಾಶಕ್ಕೆ ಚಿಮ್ಮಿದಂಥ ಮಾಡು. 2008ರ ಫೆಬ್ರವರಿಯಲ್ಲಿ ಅಲ್ಲಿನ ಮಂಡಳಿ ಅದನ್ನು ಸ್ಮಾರಕವೆಂದಿತು. ಕೆಲವೇ ತಿಂಗಳಲ್ಲಿ, ಕಟ್ಟಡ ಉಳಿಸಿಕೊಂಡರೆ ಮಾಲೀಕರಿಗೆ ನ್ಯಾಯವಾದ ಆದಾಯ ಬರುವುದಿಲ್ಲ ಎಂಬ ವಾದ ಗೆದ್ದು, ಯಾವ ಕಟ್ಟುಪಾಡೂ ಬೇಡವೆಂದಾಯಿತು. ಅದೇ ವರ್ಷ ಕೆಡವಿದರು. ಸ್ಮಾರಕವೆಂಬ ಬಿರುದು, ಅದರ ಬೆನ್ನಿಗೇ ಬುಲ್ಡೋಜರ್.

ಲಾಸ್ ಏಂಜಲಿಸ್‌ನ ಕಾನೂನು 1962ರದ್ದು, ಅಮೆರಿಕದ ನಗರಗಳಲ್ಲಿ ಹಳೆಯದೇ. ಅದಕ್ಕೂ ಹಲ್ಲು ಅಷ್ಟಿಲ್ಲ. ಘೋಷಿತ ಸ್ಮಾರಕವನ್ನು ಕೆಡವಲು ಹೊರಟರೆ ನಗರದ ಪರಂಪರೆ ಆಯೋಗ 180 ದಿನ ತಡೆಯಬಹುದು, ನಗರ ಸಭೆ ಮತ್ತೆ 180 ದಿನ. ಒಟ್ಟು ಒಂದು ವರ್ಷಕ್ಕೆ ಚೂರು ಕಡಿಮೆ. ಆ ಅವಧಿಯಲ್ಲಿ ಯಾರಾದರೂ ಬೇರೆ ದಾರಿ ಹುಡುಕಿಕೊಡಬೇಕು. ಹುಡುಕದಿದ್ದರೆ ದೇವರೇ ಗತಿ.

ಇನ್ನು ನನ್ನ ಮಗಳ ಮನೆಗೆ ಹತ್ತಿರದ ಊರು ಡೌನಿ. ಚಂದ್ರನ ಕಡೆಗೆ ಹೋದ ಅಪೋಲೊ ನೌಕೆಯ ಕಮಾಂಡ್ ಮಾಡ್ಯೂಲ್‌ಗಳು ತಯಾರಾದ ಊರು ಅದು. ಅಂಥ ಕಾರ್ಖಾನೆಗಳ ಸಂಬಳ ನಂಬಿ ಊರಲ್ಲಿ ಹೋಟೆಲುಗಳೆದ್ದವು. ಫೈರ್‌ಸ್ಟೋನ್ ರಸ್ತೆಯಲ್ಲಿ 1958ರಲ್ಲಿ ಹಾರ್ವೀಸ್ ಬ್ರಾಯ್ಲರ್ ಶುರುವಾಯಿತು, ಮುಂದೆ ಜಾನೀಸ್ ಬ್ರಾಯ್ಲರ್ ಎಂದು ಹೆಸರಾಯಿತು. ಕಾರಿನಲ್ಲೇ ಕೂತವರಿಗೆ ಹುಡುಗಿಯರು ಟ್ರೇ ತಂದು ಬಾಗಿಲಿಗೆ ಸಿಕ್ಕಿಸಿ ಹೋಗುತ್ತಿದ್ದ ಹೋಟೆಲು. ವಾರಾಂತ್ಯದ ರಾತ್ರಿಗಳಲ್ಲಿ ಸುತ್ತಲಿನ ಊರಿನ ಹುಡುಗರೆಲ್ಲ ಕಾರು ತೊಳೆದುಕೊಂಡು ಬಂದು ಅಲ್ಲಿ ಸುತ್ತು ಹೊಡೆಯುತ್ತಿದ್ದರು. 2001ರ ಕೊನೆಯ ದಿನ ಅದು ಮುಚ್ಚಿತು. ಸೂರಿನ ಕೆಳಗೆ ಹಳೆ ಕಾರು ಮಾರಾಟ ನಡೆಯಿತು. 2007ರ ಜನವರಿ 7, ಭಾನುವಾರ ಮಧ್ಯಾಹ್ನ, ಪರವಾನಗಿಯಿಲ್ಲದೆ ಯಂತ್ರ ತಂದು ಕೆಡವಲು ತೊಡಗಿದರು. ಭಾನುವಾರವೇ ಯಾಕೆಂದು ಕೇಳಬೇಡಿ, ಕಚೇರಿಗಳಿಗೆ ರಜೆ ಇರುವ ದಿನದ ಮಹಿಮೆ ನಮಗೂ ಗೊತ್ತು. ದಾರಿಹೋಕರು ನೋಡಿ ಪೊಲೀಸರಿಗೆ ಫೋನು ಮಾಡಿದರು. ಪೊಲೀಸರು ಬಂದು ನಿಲ್ಲಿಸುವಷ್ಟರಲ್ಲಿ ಬಹುಪಾಲು ನೆಲಕ್ಕೆ ಬಿದ್ದಿತ್ತು. ಬೋರ್ಡು ಮತ್ತು ಕಟ್ಟಡದ ಒಂದು ಭಾಗ ಮಾತ್ರ ಉಳಿಯಿತು.

ಡೌನಿಯ ಜನ ಅದನ್ನು ಅಷ್ಟಕ್ಕೇ ಬಿಡಲಿಲ್ಲ. ಕಾನೂನು ಮೀರಿದವರ ಮೇಲೆ ಮೊಕದ್ದಮೆಯಾಯಿತು. ಅದಕ್ಕಿಂತ ಮುಖ್ಯವಾದದ್ದು, ಬಾಬ್ಸ್ ಬಿಗ್ ಬಾಯ್ ಎಂಬ ಹಳೆಯ ಹೋಟೆಲ್ ಸಂಸ್ಥೆಯ ಫ್ರಾಂಚೈಸಿ ಒಬ್ಬರು ಮುಂದೆ ಬಂದು, ಉಳಿದ ಭಾಗ ಇಟ್ಟುಕೊಂಡು, ಮೂಲ ನಕ್ಷೆ ನೋಡಿಕೊಂಡು, ಬಿದ್ದದ್ದನ್ನು ಮತ್ತೆ ಎಬ್ಬಿಸಿದರು. 2009ರ ಅಕ್ಟೋಬರಿನಲ್ಲಿ ಬಾಗಿಲು ತೆರೆಯಿತು. ನಾನು ಹೋದಾಗ ಒಳಗೆ ಒಂದು ಮುದುಕರ ಗುಂಪು ಕಾಫಿ ಮುಂದಿಟ್ಟುಕೊಂಡು ಅಮೆರಿಕದ ರಾಜಕೀಯ ಇತ್ಯರ್ಥ ಮಾಡುತ್ತಿತ್ತು, ಮಕ್ಕಳು ಮಿಲ್ಕ್‌ಶೇಕ್ ಚೆಲ್ಲುತ್ತಿದ್ದರು, ಸಪ್ಲೈಯರ್ ಹೆಂಗಸು ಒಬ್ಬರ ಹೆಸರು ಹಿಡಿದು 'ಎಂದಿನದೇನಾ?' ಅಂತ ಕೇಳಿದಳು. ಎಂದಿನದೇನಾ ಎಂದು ಕೇಳುವ ಸಪ್ಲೈಯರ್ ಇರುವ ಹೋಟೆಲು ಬದುಕಿದೆ ಅಂತ ಲೆಕ್ಕ.

ಇದರ ಎದುರಿಗೆ ಇನ್ನೊಂದು ಇಡುತ್ತೇನೆ. ಲಾಸ್ ಏಂಜಲಿಸ್‌ನಲ್ಲೇ ವಿಲ್‌ಷೈರ್ ಮತ್ತು ಫೇರ್‌ಫ್ಯಾಕ್ಸ್ ರಸ್ತೆಗಳು ಕೂಡುವ ಮೂಲೆಯಲ್ಲಿ ಜಾನೀಸ್ ಕಾಫಿ ಶಾಪ್. ಹೆಸರು ಒಂದೇ, ಹೋಟೆಲು ಬೇರೆ. 1956ರದ್ದು, ಅದೂ ಆರ್ಮೆಟ್ ಮತ್ತು ಡೇವಿಸ್ ಅವರದೇ. ಒಂದು ಇಟ್ಟಿಗೆ ಅಲುಗಿಲ್ಲ. 2013ರಲ್ಲಿ ನಗರದ ಸ್ಮಾರಕವೂ ಆಯಿತು. ಆದರೆ 2000ದಲ್ಲಿ ಅಡುಗೆ ನಿಂತದ್ದು ನಿಂತೇ ಹೋಯಿತು. ಸಿನಿಮಾದವರು ಬಂದು ಶೂಟಿಂಗ್ ಮಾಡಿಕೊಂಡು ಹೋಗುತ್ತಾರೆ. 2016ರ ಚುನಾವಣೆಯಲ್ಲಿ ಬರ್ನಿ ಸ್ಯಾಂಡರ್ಸ್ ಅಭಿಮಾನಿಗಳು ಅದನ್ನು ಪ್ರಚಾರದ ಅಡ್ಡೆ ಮಾಡಿಕೊಂಡು ಬೋರ್ಡಿನಲ್ಲಿ ಬರ್ನೀಸ್ ಎಂದು ಬರೆದರು. ತಮಾಷೆಯಾಗಿತ್ತು. ಹಸಿದು ಬಂದವನಿಗೆ ಮಾತ್ರ ಅಲ್ಲಿ ಒಂದು ಲೋಟ ನೀರೂ ಹುಟ್ಟಲಿಲ್ಲ.

ಪರಂಪರೆಯ ತಜ್ಞರನ್ನು ಕೇಳಿದರೆ ವಿಲ್‌ಷೈರಿನದು ಅಸಲಿ, ಡೌನಿಯದು ಅರ್ಧ ನಕಲು ಅಂದಾರು. ನನ್ನ ತೀರ್ಪು ತಿರುಗುಮುರುಗು. ಡೌನಿಯದು ಉಳಿದ ಹೋಟೆಲು, ವಿಲ್‌ಷೈರಿನದು ಉಳಿದ ಕಟ್ಟಡ. ದೇವಸ್ಥಾನದಲ್ಲಿ ಪೂಜೆ ನಿಂತರೂ ಕಲ್ಲಿನ ಕೆತ್ತನೆ ನೋಡಲು ಜನ ಬಂದಾರು. ಹೋಟೆಲಿನ ಸೂರು, ಸ್ಟೂಲು, ಗಾಜು ಎಲ್ಲವೂ ಅಡುಗೆಗೆ, ಬಡಿಸುವುದಕ್ಕೆ, ತಿನ್ನುವುದಕ್ಕೆ ಹುಟ್ಟಿದವು. ಅದು ನಿಂತ ಮೇಲೆ ಕಾಲಿಲ್ಲದ ಸ್ಟೂಲಿಗೂ ಅರ್ಥವಿಲ್ಲ, ಒರೆಸುವುದಕ್ಕೆ ಕೆಳಗೆ ಚೆಲ್ಲಿದ್ದು ಏನಾದರೂ ಇರಬೇಕಲ್ಲ.

ಡೌನಿಯಲ್ಲೇ ಇರುವ ಮತ್ತೊಂದು ಕಟ್ಟಡದ ಕಥೆ ವಿಚಿತ್ರ. ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಮ್ಯಾಕ್‌ಡೊನಾಲ್ಡ್ಸ್ ಅಲ್ಲಿದೆ, 1953ರ ಆಗಸ್ಟಿನದು. ಸ್ಟ್ಯಾನ್ಲಿ ಮೆಸ್ಟನ್ ಬರೆದ ನಕ್ಷೆ, ಎರಡು ಕಡೆ ಮಾಡನ್ನು ತೂರಿ ಹೋಗುವ ಹಳದಿ ಕಮಾನು. ಅದು ಉಳಿದದ್ದು ಯಾರ ಪ್ರೀತಿಯಿಂದಲೂ ಅಲ್ಲ, ಒಂದು ಕರಾರಿನಿಂದ. ಅದರ ಮಾಲೀಕರು ಫ್ರಾಂಚೈಸಿ ಪಡೆದದ್ದು ನೇರ ಮ್ಯಾಕ್‌ಡೊನಾಲ್ಡ್ ಸಹೋದರರಿಂದ. ಆಮೇಲೆ ಕಂಪನಿಯನ್ನು ಬೆಳೆಸಿದ ರೇ ಕ್ರಾಕ್ ಬಂದು ಊರೂರಿನ ಅಂಗಡಿಗಳನ್ನು ಒಂದೇ ಅಚ್ಚಿಗೆ ತಂದಾಗ ಕಂಪನಿಯ ಕೈ ಇಲ್ಲಿಗೆ ತಲುಪಲಿಲ್ಲ. 1990ರಲ್ಲಿ ಕೊನೆಗೂ ಕಂಪನಿಯ ವಶಕ್ಕೆ ಬಂತು, 1994ರಲ್ಲಿ ಭೂಕಂಪದ ಹಾನಿ, ವ್ಯಾಪಾರ ಕಡಿಮೆ ಎಂಬ ಕಾರಣ ಕೊಟ್ಟು ಮುಚ್ಚಿದರು. ಜನ ಗಲಾಟೆ ಮಾಡಿದ ಮೇಲೆ 1996ರಲ್ಲಿ ರಿಪೇರಿಯಾಗಿ ತೆರೆಯಿತು. ಈಗಲೂ ಕಿಟಕಿಯ ಮುಂದೆ ನಿಂತೇ ತೆಗೆದುಕೊಳ್ಳಬೇಕು. ಕರಾರು ಗಟ್ಟಿಯಿದ್ದರೆ ಹೋಟೆಲು ಉಳಿಯುತ್ತದೆ. ಈ ಪಾಠವನ್ನು ಯಾವ ವಾಸ್ತುಶಿಲ್ಪದ ಪುಸ್ತಕದಲ್ಲೂ ದಪ್ಪಕ್ಷರದಲ್ಲಿ ಹಾಕುವುದಿಲ್ಲ.

ಗೂಗಿ ಹೋಟೆಲುಗಳನ್ನು ಉಳಿಸಬೇಕೆನ್ನುವವರು ಬರೇ ಮಾಡು, ಕಮಾನು, ಬೋರ್ಡಿನ ಬಗ್ಗೆ ಮಾತಾಡಿದಾಗ ನನಗೆ ಕಿರಿಕಿರಿಯಾಗುತ್ತದೆ. ಒಳಗೆ ಕೂತವರು ಯಾರು, ಅವರಿಗೆ ಕೂರುವ ಜಾಗ ಮಾಡಿಕೊಟ್ಟವರು ಯಾರು? ಹೆಲೆನ್ ಲಿಯು ಫಾಂಗ್ ಎಂಬವಳನ್ನು ತೆಗೆದುಕೊಳ್ಳಿ. ಲಾಸ್ ಏಂಜಲಿಸ್‌ನ ಚೈನಾಟೌನ್‌ನಲ್ಲಿ 1927ರಲ್ಲಿ ಹುಟ್ಟಿದ, ಬಟ್ಟೆ ಒಗೆಯುವ ಲಾಂಡ್ರಿಯವನ ಮಗಳು. 1951ರಲ್ಲಿ ಆರ್ಮೆಟ್ ಮತ್ತು ಡೇವಿಸ್ ಕಚೇರಿ ಸೇರಿದಳು. ನಾರ್ಮ್ಸ್‌ನಲ್ಲಿ ಅವಳ ಕೈಯಿದೆ, ಲಾ ಟಿಜೆರಾ ರಸ್ತೆಯಲ್ಲಿ 1958ರಿಂದ ಇರುವ ಪ್ಯಾನ್ಸ್ ಹೋಟೆಲಿನಲ್ಲಿದೆ. ಹೆಂಗಸರು ವಾಸ್ತುಶಿಲ್ಪದ ವೃತ್ತಿಯಲ್ಲಿ ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಲಾಂಡ್ರಿಯ ಮಗಳೊಬ್ಬಳು ದುಡಿಯುವ ಜನ ಊಟಕ್ಕೆ ಕೂರುವ ಜಾಗಗಳನ್ನು ಕಟ್ಟಿದಳು. ಅಂಥವಳು ಕೂರುವವನ ಬೆನ್ನು, ಬಡಿಸುವವಳ ಕಾಲು ಎರಡನ್ನೂ ಬಲ್ಲವಳಾಗಿರಲೇಬೇಕು.

ಅವಳದೇ ಇನ್ನೊಂದು ಕೆಲಸ ಕ್ರೆನ್‌ಷಾ ರಸ್ತೆಯ ಹಾಲಿಡೇ ಬೌಲ್. 1958. ಬೌಲಿಂಗ್ ಆಟದ ಮನೆ, ಅದಕ್ಕಂಟಿದ ಕಾಫಿ ಹೋಟೆಲು. ಕಟ್ಟಿಸಿದವರು ಜಪಾನಿ ಮೂಲದ ಅಮೆರಿಕನ್ನರು. ಎರಡನೇ ಮಹಾಯುದ್ಧದ ಕಾಲದಲ್ಲಿ ಆ ಸಮುದಾಯವನ್ನು ಮನೆಮಠ ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಿದ್ದರು. ಹೊರಬಂದವರಿಗೆ ಮನೆ ಸಿಗುವುದೂ ಕಷ್ಟ. ಬಿಳಿಯರಲ್ಲದವರಿಗೆ ಮಾರಬಾರದೆಂದು ಆಸ್ತಿ ಪತ್ರಗಳಲ್ಲೇ ಬರೆದಿರುತ್ತಿತ್ತು. 1948ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅಂಥ ಕರಾರುಗಳನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದ ಮೇಲೆ ಕ್ರೆನ್‌ಷಾದಂಥ ಬಡಾವಣೆಗಳಿಗೆ ಜಪಾನಿಯರೂ ಕರಿಯರೂ ಬಂದು ನೆಲೆಸಿದರು. ಹಾಲಿಡೇ ಬೌಲ್‌ನ ಅಡುಗೆಮನೆ ಆ ಬಡಾವಣೆಯ ಜನಗಣತಿಯೇ ಆಗಿತ್ತು: ಜಪಾನಿ ಉದೋನ್ ಶಾವಿಗೆ, ಚೀನೀ ಚೌಮೀನು, ಅಮೆರಿಕದ ದಕ್ಷಿಣದ ಕರಿಯರು ತಿನ್ನುವ ಮೆಕ್ಕೆಜೋಳದ ಗಂಜಿಯಂಥ ಗ್ರಿಟ್ಸ್, ಎಲ್ಲ ಒಂದೇ ಒಲೆಯಲ್ಲಿ. ಮೂರು ಥರದ ಗಿರಾಕಿಗಳನ್ನು ಒಂದೇ ಕಾವಲಿಯಲ್ಲಿ ತೃಪ್ತಿಪಡಿಸುವುದು ಎಷ್ಟು ಕಷ್ಟವೆಂದು ನಾನು ಬಲ್ಲೆ, ನಮ್ಮಲ್ಲಿ ಈರುಳ್ಳಿ ಹಾಕಿದ್ದು ಹಾಕದ್ದು ಎರಡೇ ಸಾಂಬಾರಿಗೆ ದಿನಾ ಜಗಳ.

2000ದಲ್ಲಿ ಹಾಲಿಡೇ ಬೌಲ್ ಮುಚ್ಚಿತು. ಊರವರು ಹೋರಾಡಿದರು. 2003ರಲ್ಲಿ ಬೌಲಿಂಗ್ ಮನೆ ಕೆಡವಿ, ಕಾಫಿ ಹೋಟೆಲಿನ ಭಾಗವನ್ನು ಮಾತ್ರ ಉಳಿಸಿಕೊಂಡರು. ಅದರಲ್ಲೀಗ ಸ್ಟಾರ್‌ಬಕ್ಸ್. ಮಾಡು ಚಂದವಾಗಿದೆ, ಬಣ್ಣ ಹೊಡೆದಿದ್ದಾರೆ. ಉದೋನ್ ಇಲ್ಲ, ಗ್ರಿಟ್ಸ್ ಇಲ್ಲ, ಬೌಲಿಂಗ್ ಲೀಗಿನ ಮುದುಕರು ಎಲ್ಲಿ ಹೋದರೋ. ಕಟ್ಟಡ ಉಳಿಸುವವರ ಪಟ್ಟಿಯಲ್ಲಿ ಇದು ಅರ್ಧ ಗೆಲುವು. ನನ್ನ ಪಟ್ಟಿಯಲ್ಲಿ ಪೂರಾ ಸೋಲು.

ಹಾಗಾದರೆ ದಾರಿ ಏನು? ಕ್ಯಾಲಿಫೋರ್ನಿಯಾದಲ್ಲೇ ಎರಡು ದಾರಿಗಳಿವೆ, ಎರಡೂ ದುಡ್ಡಿನ ಭಾಷೆಯಲ್ಲಿ ಮಾತಾಡುತ್ತವೆ, ಅದಕ್ಕೇ ನನಗೆ ಇಷ್ಟ. ಒಂದು, 1972ರ ಮಿಲ್ಸ್ ಕಾಯ್ದೆ. ಐತಿಹಾಸಿಕ ಕಟ್ಟಡವನ್ನು ಕೆಡವದೆ ಚೆನ್ನಾಗಿಟ್ಟುಕೊಳ್ಳುತ್ತೇನೆಂದು ಮಾಲೀಕ ಊರಿನ ಆಡಳಿತದ ಜೊತೆ ಕರಾರು ಬರೆದುಕೊಟ್ಟರೆ ಆಸ್ತಿ ತೆರಿಗೆಯಲ್ಲಿ ಕಡಿತ. ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೊದ್ದು. ಮೂವತ್ತು ವರ್ಷ ದಾಟಿದ ಹೋಟೆಲು, ಅಂಗಡಿ, ಬಾರುಗಳನ್ನು ಪರಂಪರೆಯ ವ್ಯಾಪಾರ ಎಂದು ನಗರವೇ ನೋಂದಾಯಿಸುತ್ತದೆ. 2015ರ ನವೆಂಬರಿನಲ್ಲಿ ಮತದಾರರೇ ಓಟು ಹಾಕಿ ಅದಕ್ಕೊಂದು ನಿಧಿ ಒಪ್ಪಿದರು. ಅದರ ಜಾಣತನ ಇರುವುದು ಒಂದು ಷರತ್ತಿನಲ್ಲಿ: ಅಂಥ ವ್ಯಾಪಾರಕ್ಕೆ ಹತ್ತು ವರ್ಷದ ಕರಾರು ಬರೆದುಕೊಡುವ ಕಟ್ಟಡದ ಮಾಲೀಕನಿಗೆ ಅನುದಾನ. ಗೋಡೆಗೆ ಫಲಕ ಹೊಡೆಯುವ ಬದಲು ಮಾಲೀಕನ ಕೈಗೆ ಚೆಕ್ಕು. ಬಾಡಿಗೆಯ ಅಂತರ ಪೂರಾ ತುಂಬದಿರಬಹುದು, ಆದರೆ ಯಜಮಾನ ಮಾರುವ ಮುಂಚೆ ಒಮ್ಮೆ ಯೋಚಿಸುತ್ತಾನೆ. ಹೋಟೆಲಿನವನಿಗೆ ಹತ್ತು ವರ್ಷ ಸಿಕ್ಕಿತೆಂದರೆ ಸಾಲ ಮಾಡಿ ಹೊಸ ಗ್ರೈಂಡರು ಹಾಕುತ್ತಾನೆ, ಹುಡುಗರಿಗೆ ಸಂಬಳ ಏರಿಸುತ್ತಾನೆ. ಹನ್ನೊಂದು ತಿಂಗಳ ಕರಾರಿನವನು ಸುಣ್ಣ ಹೊಡೆಸಲೂ ಹಿಂದೆಮುಂದೆ ನೋಡುತ್ತಾನೆ.

ಇದೆಲ್ಲ ದೂರದ ಅಮೆರಿಕದ ಮಾತು ಅಂದುಕೊಳ್ಳಬೇಡಿ. ಡೌನಿಯಲ್ಲಿ ಕಾರಿನ ಬಾಗಿಲಿಗೆ ಟ್ರೇ ಸಿಕ್ಕಿಸಿದ ಪದ್ಧತಿಯನ್ನು ಮದ್ರಾಸಿಗೆ ತಂದವರು ನಮ್ಮವರು. ಕಾರ್ಕಳ ಸೀಮೆಯ ಕಡಂದಲೆಯ ಕೆ. ಕೃಷ್ಣರಾಯರು, ವುಡ್‌ಲ್ಯಾಂಡ್ಸ್ ಹೋಟೆಲುಗಳನ್ನು ಕಟ್ಟಿದವರು, 1962ರಲ್ಲಿ ಕೆಥೀಡ್ರಲ್ ರಸ್ತೆಯ ಮರಗಳ ನಡುವೆ ವುಡ್‌ಲ್ಯಾಂಡ್ಸ್ ಡ್ರೈವ್‌ಇನ್ ತೆರೆದರು. ಅಲ್ಲಿ ಒಂದು ಕಾಫಿಗೆ ಎರಡು ಗಂಟೆ ಕೂತವರನ್ನು ಯಾರೂ ಏಳಿ ಅನ್ನುತ್ತಿರಲಿಲ್ಲ. ಜಾಗ ಸರ್ಕಾರಕ್ಕೆ ಹೋಯಿತು, 2008ರಲ್ಲಿ ಹೋಟೆಲು ಮುಚ್ಚಿತು, 2010ರಲ್ಲಿ ಅದೇ ಜಾಗದಲ್ಲಿ ಸೆಮ್ಮೊಳಿ ಪೂಂಗ ಎಂಬ ಉದ್ಯಾನ ತೆರೆಯಿತು. ಉದ್ಯಾನ ಒಳ್ಳೆಯದೇ. ಮರಗಳ ಮಧ್ಯೆ ಒಂದು ಮೂಲೆಯಲ್ಲಿ ಆ ಹೋಟೆಲಿಗೂ ಜಾಗ ಕೊಟ್ಟಿದ್ದರೆ ಉದ್ಯಾನಕ್ಕೆ ನಷ್ಟವೇನಾಗುತ್ತಿತ್ತು?

ಬೆಂಗಳೂರಿನ ಎಂ.ಜಿ. ರಸ್ತೆಯ ಇಂಡಿಯನ್ ಕಾಫಿ ಹೌಸ್ 1959ರಿಂದ ಇದ್ದ ಜಾಗ ಬಿಟ್ಟದ್ದು 2009ರಲ್ಲಿ. ಅದೃಷ್ಟಕ್ಕೆ ಚರ್ಚ್ ಸ್ಟ್ರೀಟಿನಲ್ಲಿ ಮತ್ತೆ ಒಲೆ ಹಚ್ಚಿತು, ಪೇಟದ ಸಪ್ಲೈಯರುಗಳು ಅಲ್ಲಿಗೂ ಬಂದರು. ಮಲ್ಲೇಶ್ವರದ ಸಂಪಿಗೆ ರಸ್ತೆಯ ನ್ಯೂ ಕೃಷ್ಣ ಭವನಕ್ಕೆ ಆ ಭಾಗ್ಯವಿರಲಿಲ್ಲ, 2012ರ ಕೊನೆಯಲ್ಲಿ ಮುಚ್ಚಿತು. ಆ ದಿನಗಳಲ್ಲಿ ಮಸಾಲೆ ದೋಸೆಗೆ ಸಾಲು ನಿಂತು ಫೋಟೊ ತೆಗೆದುಕೊಂಡವರಲ್ಲಿ ಎಷ್ಟು ಜನ ಅದಕ್ಕೆ ಹಿಂದಿನ ವರ್ಷ ಒಮ್ಮೆಯಾದರೂ ಹೋಗಿದ್ದರು ಎಂದು ಕೇಳುವ ಮನಸ್ಸಾಗುತ್ತದೆ. ಕೇಳುವುದಿಲ್ಲ.

ನಮ್ಮ ಕಾನೂನಿನ ಕಣ್ಣಿಗೆ ಇವು ಬೀಳುವುದೇ ಇಲ್ಲ. ಕೇಂದ್ರದ 1958ರ ಕಾಯ್ದೆ ಪ್ರಕಾರ ಪ್ರಾಚೀನ ಸ್ಮಾರಕವಾಗಲು ಕನಿಷ್ಠ ನೂರು ವರ್ಷ ಆಗಿರಬೇಕು. 1957ರಲ್ಲಿ ಎದ್ದ ಹೋಟೆಲು 2057ರವರೆಗೆ ಜೀವ ಹಿಡಿದುಕೊಂಡಿರಬೇಕು. ದೆಹಲಿಯ ಪ್ರಗತಿ ಮೈದಾನದಲ್ಲಿ 1972ರಲ್ಲಿ ಎದ್ದ ಹಾಲ್ ಆಫ್ ನೇಷನ್ಸ್‌ನಂಥ ಜಗತ್ಪ್ರಸಿದ್ಧ ಕಟ್ಟಡಕ್ಕೇ ಅರವತ್ತು ತುಂಬಿಲ್ಲ ಎಂಬ ನೆಪ ಹೇಳಿ 2017ರ ಏಪ್ರಿಲ್‌ನಲ್ಲಿ ರಾತ್ರೋರಾತ್ರಿ ಕೆಡವಿದರು, ಇನ್ನು ಉದ್ದಿನವಡೆ ಕರಿಯುವ ಕಟ್ಟಡವನ್ನು ಯಾರು ಕೇಳುತ್ತಾರೆ. ಬಾಡಿಗೆದಾರನಿಗೂ ಆಸರೆಯಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ವಾಣಿಜ್ಯ ಬಳಕೆಯ ಜಾಗಕ್ಕೆ ಸಿಗಬೇಕಾದರೆ ಅದು 14 ಚದರ ಮೀಟರ್ ಮೀರಬಾರದು. 14 ಚದರ ಮೀಟರಿನಲ್ಲಿ ಕಾವಲಿ, ಗ್ರೈಂಡರು, ಗಲ್ಲಾ ಇಟ್ಟರೆ ಮಾಣಿ ನಿಲ್ಲುವುದೆಲ್ಲಿ, ಗಿರಾಕಿ ಕೂರುವುದೆಲ್ಲಿ?

ಹೋಟೆಲುಗಳಿಗಾಗಿ ಬಾಡಿಗೆ ಕಟ್ಟಿಹಾಕಿ ಎಂದು ನಾನು ಕೇಳುತ್ತಿಲ್ಲ. ಹಳೆಯ ಬಾಡಿಗೆ ಕಾನೂನಿನ ಕಾಲದಲ್ಲಿ ಮಾಲೀಕರು ಪಟ್ಟ ಪಾಡನ್ನೂ ಕಂಡಿದ್ದೇನೆ. ಚಿಲ್ಲರೆ ಬಾಡಿಗೆ ಕೊಟ್ಟು ತಲೆಮಾರುಗಟ್ಟಲೆ ಕೂತವರಿದ್ದರು, ಅದು ಧರ್ಮವಲ್ಲ. ಕೇಳುವುದು ಇಷ್ಟೇ. ಐವತ್ತು ವರ್ಷ ಒಂದೇ ಜಾಗದಲ್ಲಿ ನಡೆದ ಹೋಟೆಲುಗಳನ್ನು ನಗರಸಭೆ, ಪಾಲಿಕೆಗಳು ಪಟ್ಟಿ ಮಾಡಲಿ. ಅಂಥವಕ್ಕೆ ಹತ್ತು ವರ್ಷದ ಕರಾರು ಬರೆದುಕೊಡುವ ಕಟ್ಟಡದ ಮಾಲೀಕರಿಗೆ ಆ ಹತ್ತು ವರ್ಷ ಆಸ್ತಿ ತೆರಿಗೆಯಲ್ಲಿ ಅರ್ಧ ಬಿಡಲಿ. ಹೊಸ ಕಟ್ಟಡ ಏಳಲೇಬೇಕಾದರೆ ನೆಲಮಹಡಿಯಲ್ಲಿ ಅದೇ ಹೋಟೆಲಿಗೆ ಜಾಗ ಕೊಟ್ಟವರಿಗೆ ಮೇಲೊಂದಷ್ಟು ಹೆಚ್ಚು ಕಟ್ಟಲು ಅನುಮತಿ ಕೊಡಲಿ. ಪಾಲಿಕೆಗೆ ಇದರಿಂದ ಆಗುವ ನಷ್ಟ ಒಂದು ವೃತ್ತಕ್ಕೆ ಕಾರಂಜಿ ಹಾಕಿಸಿ ಕೆಡಿಸಿಕೊಳ್ಳುವುದಕ್ಕಿಂತ ಹೆಚ್ಚಾಗಲಾರದು.

ಓದುಗರಲ್ಲೂ ಒಂದು ಕೋರಿಕೆ. ನಿಮ್ಮೂರಿನ ಬಸ್ ಸ್ಟ್ಯಾಂಡಿನ ಬಳಿಯೋ ಹಳೆಯ ಹೆದ್ದಾರಿಯ ಬದಿಯಲ್ಲೋ ನಿಮ್ಮ ತಂದೆಯ ಕಾಲದಿಂದ ಇರುವ ಹೋಟೆಲಿಗೆ ಈ ವಾರ ಹೋಗಿ. ಜನ ಕಡಿಮೆಯಿರುವ ಹೊತ್ತಿನಲ್ಲಿ, ಮಧ್ಯಾಹ್ನ ಮೂರರ ಸುಮಾರಿಗೆ, ಗಲ್ಲಾದಲ್ಲಿ ಕೂತವರನ್ನು ಕೇಳಿ: ಕಟ್ಟಡ ಸ್ವಂತದ್ದೋ ಬಾಡಿಗೆಯದೋ, ಕರಾರು ಇನ್ನೆಷ್ಟು ದಿನವಿದೆ. ಹೇಳಿದ್ದನ್ನು ಬರೆದುಕೊಂಡು ನಿಮ್ಮ ವಾರ್ಡಿನ ಸದಸ್ಯರಿಗೆ, ಶಾಸಕರಿಗೆ ಒಂದು ಅರ್ಜಿ ಕೊಡಿ. ಬೋರ್ಡು ಇಳಿಸಿದ ಮೇಲೆ ಕೊಡುವ ಅರ್ಜಿಯಿಂದ ಏನೂ ಪ್ರಯೋಜನವಿಲ್ಲ, ಈಗಲೇ ಕೊಡಿ.